ಉದ್ಯಮಬಾಗ ಕಡೆಯ ಗುಜರಿ ಅಂಗಡಿ: ಟ್ರೇಲರ್ ಕಟ್ಟುವವರು ನೋಡಲೇಬೇಕು

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳು ಸಾಲುಸಾಲು. ಹಾಗಾಗಿ ಹತ್ತಿರದ ಈ ಗುಜರಿ ಅಂಗಡಿಯ ಮಾಲು ಗಟ್ಟಿ. ಹೊಲದ ಕೆಲಸಕ್ಕೆ ಸಣ್ಣ ಟ್ರೇಲರ್ ಕಟ್ಟಲು ಬೇಕಾದ್ದೆಲ್ಲ ಸಿಗುತ್ತದೆ: 75×40 ಮಿ.ಮೀ. ಸಿ ಚಾನೆಲ್, 3 ಮಿ.ಮೀ. ಚೆಕರ್ಡ್ ಪ್ಲೇಟ್ ತುಂಡು, ಹಳೆ ಜೀಪಿನ ಆಕ್ಸಲ್, ಪಾಟಾ (ಲೀಫ್ ಸ್ಪ್ರಿಂಗ್). ತೂಕ ಕಣ್ಣೆದುರೇ ಮಾಡುತ್ತಾರೆ, ಇದು ದೊಡ್ಡ ಮಾತು.

ಆಕ್ಸಲ್ ಆರಿಸುವಾಗ ಮಾತ್ರ ಅವಸರ ಬೇಡ. ಗಾಲಿ ಕೂರುವ ಹಬ್ ತಿರುಗಿಸಿದಾಗ ಗರಗರ ಅಂದರೆ ಬೇರಿಂಗ್ ಹೋಗಿದೆ ಅಂತಲೇ ಲೆಕ್ಕ. ಪಾಟಾ ಬಿರುಕು ಬಿಡುವುದು ಹೆಚ್ಚಾಗಿ ನಡುವಿನ ಬೋಲ್ಟಿನ ತೂತಿನ ಬಳಿ. ಅಲ್ಲಿ ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತೀಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಒದ್ದೆ ಗೆರೆ ಮೂಡುತ್ತದೆ. ಹಾಗೆ ನೋಡಲು ಅಂಗಡಿಯವರು ಬಿಡುತ್ತಾರೆ, ಬೇಸರಿಸುವುದಿಲ್ಲ.

ಟೈರ್ ಮಾತ್ರ ಇಲ್ಲಿ ಕೊಳ್ಳಬೇಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ಓದಿ: 2314 ಎಂದರೆ 2014ರ 23ನೇ ವಾರದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ರಬ್ಬರ್ ಭಾರಕ್ಕೆ ಸೀಳುತ್ತದೆ.

ವೆಲ್ಡಿಂಗೂ ಇಲ್ಲೇ ಆಗುತ್ತದೆ, ಚಾನೆಲ್ ಚೌಕಟ್ಟಿನ ಕೆಲಸ ಅಚ್ಚುಕಟ್ಟು. ಆದರೆ ಪಾಟಾವನ್ನು ಆಕ್ಸಲ್‌ಗೆ ವೆಲ್ಡ್ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಕಾಯಿಸಿದ ಜಾಗದಲ್ಲೇ ಅದು ಮುರಿಯುತ್ತದೆ. ಯು ಬೋಲ್ಟ್ ಹಾಕಿಸಿ. ಆಕ್ಸಲ್, ಟ್ರೇಲರ್ ಡಬ್ಬಿಯ ನಟ್ಟನಡುವಿಗಿಂತ ಸ್ವಲ್ಪ ಹಿಂದೆ ಇರಲಿ. ಒಟ್ಟು ತೂಕದ ಶೇ. 10ರಿಂದ 15 ಎಳೆಯುವ ಗಾಡಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಬೀಳಬೇಕು. ಕಡಿಮೆಯಾದರೆ ಓಡುವಾಗ ಟ್ರೇಲರ್ ಬಾಲ ಆಡಿಸುತ್ತದೆ. ರಸ್ತೆಗಿಳಿಸುವುದಾದರೆ ನೋಂದಣಿ ಬೇಕು, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ.