ಫೋಟೊ ನೋಡಿ ಸ್ಕಿಮ್‌ಬೋರ್ಡ್ ಆಡಲು ಬೀಚ್ ಆರಿಸಬೇಡಿ

ದಸರಾ ರಜೆಗೆ ಕರಾವಳಿಗೆ ಹೊರಟವರು, ಅದರಲ್ಲೂ ಮನೆಯ ಹುಡುಗರನ್ನು ಸ್ಕಿಮ್‌ಬೋರ್ಡ್ ಆಡಿಸಲು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ದಂಡೆಯ ತೆಳು ನೀರಿನ ಮೇಲೆ ಹಲಗೆ ಎಸೆದು, ಓಡಿ ಹತ್ತಿ ಜಾರುವ ಆಟ ಇದು. ಹೋದ ಅಕ್ಟೋಬರ್ ಮೊದಲ ವಾರ ನನ್ನ ತಮ್ಮನ ಕಾಲರ್ ಬೋನ್ ಮುರಿಯಿತು. ಅವನಿಗೆ 19 ವರ್ಷ. ಬೀಚ್ ಆರಿಸಿದವಳು ನಾನು.

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವಾಗ ಸಿಗುವ ಒಂದು ದಂಡೆ ಅದು. ಬೋರ್ಡ್ ಬಾಡಿಗೆಗೆ ಕೊಡುವವರೊಬ್ಬರು ಹಾಕಿದ್ದ ಫೋಟೊದಲ್ಲಿ ಮರಳು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮೇಲೆ ಬೆರಳುದ್ದ ನೀರು. ಫೋನ್ ಮಾಡಿ ಕೇಳಿದೆ. "ಯಾವಾಗ ಬಂದ್ರೂ ಆಡಬಹುದು ಮೇಡಂ" ಅಂದರು. 2,000 ರೂಪಾಯಿ ಮುಂಗಡ ಕಳಿಸಿ ರಾತ್ರಿ ಬಸ್ಸು ಹತ್ತಿದೆವು.

ನಾವು ದಂಡೆಗೆ ಹೋದಾಗ ನಡು ಮಧ್ಯಾಹ್ನ, ಹುಣ್ಣಿಮೆಯ ಹಿಂದುಮುಂದಿನ ದಿನ, ಪೂರ್ತಿ ಉಬ್ಬರ. ಫೋಟೊದ ಕನ್ನಡಿ ಎಲ್ಲೂ ಇರಲಿಲ್ಲ. ಒಣಮರಳು ನೀರಿನತ್ತ ಇಳಿಜಾರಾಗಿ ಹೋಗಿ ಕೊನೆಯಲ್ಲಿ ಮೊಣಕಾಲೆತ್ತರ ಮೆಟ್ಟಿಲಿನ ಹಾಗೆ ಕಡಿದುಕೊಂಡಿತ್ತು. ಅಲೆಗಳು ದೂರದಲ್ಲಿ ಮುರಿದು ಹರಿದು ಬರುತ್ತಿರಲಿಲ್ಲ, ನೇರ ದಂಡೆಯ ಮೇಲೆಯೇ ಬಡಿಯುತ್ತಿದ್ದವು. ದೋಣಿಯ ನೆರಳಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ತಮ್ಮನ ಕೈಯಲ್ಲಿದ್ದ ಬೋರ್ಡ್ ನೋಡಿ, "ಇಲ್ಲ್ ಆಡುಕಾಗ ಮಗಾ, ಮಳಿಗಾಲ್ದಗೆ ಹೋದ್ ಹೊಯ್ಗಿ ಇನ್ನೂ ಬರ್ಲಿಲ್ಲ" ಎಂದರು. ಹೊಯ್ಗಿ ಅಂದರೆ ಮರಳು. ಬಾಡಿಗೆಯವರು ನಕ್ಕು, "ಅವರಿಗೆ ಈ ಆಟ ಗೊತ್ತಿಲ್ಲ" ಅಂದರು. ಕೊಟ್ಟ ದುಡ್ಡು, ಬಂದ ದೂರ, ತಮ್ಮನ ಉತ್ಸಾಹ ಮೂರೂ ಸೇರಿ ನಾನು ಸುಮ್ಮನಾದೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ಸಂಕಟವಾಗುತ್ತದೆ.

ಮೂರನೇ ಓಟ. ತಮ್ಮ ಓಡಿ ಬೋರ್ಡ್ ಎಸೆದು ಮೇಲೆ ಹತ್ತಿದ. ಹಿಂದೆ ಸರಿಯುತ್ತಿದ್ದ ನೀರು ಬೋರ್ಡನ್ನು ಕೆಳಕ್ಕೆ ಎಳೆಯಿತು, ಅದರ ಮೂತಿ ಮೆದುಮರಳಿಗೆ ಹೂತು ಗಕ್ಕನೆ ನಿಂತಿತು, ಅವನು ಭುಜ ಮುಂದಾಗಿ ಬಿದ್ದ. ಅಷ್ಟರಲ್ಲಿ ಮುಂದಿನ ಅಲೆ ಮೇಲೆ ಬಡಿದು ಅವನನ್ನು ಮೆಟ್ಟಿಲಿನ ಕೆಳಗೆ ಉರುಳಿಸಿತು. ನೀರು ಸೊಂಟದಷ್ಟೂ ಇರಲಿಲ್ಲ, ಆದರೂ ಒಂದು ಕೈಯಲ್ಲಿ ಎದ್ದು ನಿಲ್ಲಲು ಅವನಿಗೆ ಆಗಲಿಲ್ಲ. ಓಡಿ ಬಂದು ಎತ್ತಿದವರು ಬಲೆ ಸರಿಮಾಡುತ್ತಿದ್ದ ಅದೇ ಹಿರಿಯರು ಮತ್ತು ಅವರ ಜೊತೆಗಾರ. ಅದೇ ಬೀಳುವಿಕೆಯಲ್ಲಿ ತಲೆ ಮೊದಲು ನೆಲಕ್ಕೆ ತಾಗಿದ್ದರೆ ಕತ್ತಿಗೆ ಏನಾಗುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು.

ಆಮೇಲೆ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಸ್ಕಿಮ್‌ಬೋರ್ಡ್‌ಗೆ ಸರ್ಫ್‌ಬೋರ್ಡಿನ ಹಾಗೆ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್ ಇರುವುದಿಲ್ಲ. ಅಲೆ ಬಂದು ಹೋದ ಮೇಲೆ ಮರಳಿನ ಮೇಲೆ ಉಳಿಯುವ ತೆಳು ನೀರೇ ಅದರ ದಾರಿ. ಆ ನೀರು ಸ್ವಲ್ಪ ಹೊತ್ತು ನಿಲ್ಲಬೇಕಾದರೆ ದಂಡೆ ಚಪ್ಪಟೆಯಾಗಿರಬೇಕು, ಮರಳು ನುಣುಪಾಗಿ ಗಟ್ಟಿಯಾಗಿರಬೇಕು. ಮರಳು ದಪ್ಪಗಿದ್ದರೆ ಏರಿ ಬಂದ ನೀರನ್ನು ಅದು ಅಲ್ಲೇ ಹೀರಿಕೊಳ್ಳುತ್ತದೆ. ಹಿಂದಿರುಗುವ ನೀರಿಗೆ ಮರಳನ್ನು ವಾಪಸ್ ಎಳೆಯುವಷ್ಟು ಬಲ ಇರುವುದಿಲ್ಲ, ಮರಳು ಮೇಲೇ ಪೇರಿಕೊಂಡು ದಂಡೆ ಕಡಿದಾಗುತ್ತದೆ. ಹಾಗಾಗಿ ಮೊದಲು ಒಂದು ಹಿಡಿ ಮರಳು ಕೈಗೆತ್ತಿಕೊಳ್ಳಿ. ಒದ್ದೆ ಜಾಗದಲ್ಲಿ ಹಿಮ್ಮಡಿ ಊರಿ ನೋಡಿ. ಪಾದ ಹೂತುಹೋದರೆ ಬೋರ್ಡ್ ಕೆಳಗಿಡಬೇಡಿ.

ಕಾಲವೂ ಅಷ್ಟೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ದೊಡ್ಡ ಅಲೆಗಳು ನಮ್ಮ ದಂಡೆಗಳ ಮರಳನ್ನು ಒಳಗೆ ಎಳೆದುಕೊಂಡು ಹೋಗುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನು ತಿಂಗಳುಗಟ್ಟಲೆ ನಿಧಾನವಾಗಿ ಹಿಂದಕ್ಕೆ ತಂದು ಹಾಕುತ್ತವೆ. ಹಾಗಾಗಿ ಅಕ್ಟೋಬರ್‌ನ ದಂಡೆ ಬೇರೆ, ಫೆಬ್ರವರಿಯ ದಂಡೆ ಬೇರೆ, ಹೆಸರು ಮಾತ್ರ ಒಂದೇ. ಆ ಹಿರಿಯರು ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ.

ಹೊತ್ತು ನೋಡದೆ ಹೋಗಲೇಬೇಡಿ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಉಬ್ಬರ ಇಳಿತಗಳ ಅಂತರ ಹೆಚ್ಚು. ಉಬ್ಬರದಲ್ಲಿ ನೀರು ದಂಡೆಯ ಕಡಿದಾದ ಮೇಲ್ಭಾಗದವರೆಗೂ ಏರುತ್ತದೆ. ಅದೇ ಜಾಗದಲ್ಲಿ ಆರು ಗಂಟೆ ಕಳೆದು ನೀರಿಳಿದರೆ ಕೆಳಗಿನ ಚಪ್ಪಟೆ ಮರಳು ಕಾಣಿಸಬಹುದು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಗೆಳೆಯರು ಹೋದ ವಾರ ಹೋದ ಸಮಯ ನಿಮಗೆ ಆಗಿಬರುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ದೊಡ್ಡ ಅಲೆಗಳ ಮುನ್ಸೂಚನೆ ಕೊಡುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಸೋಮೇಶ್ವರ, ಗೋಕರ್ಣದ ಓಂ ಬೀಚ್‌ನಂಥ ಕಡೆ ಬಂಡೆಗಳಿವೆ. ಮರವಂತೆಯಲ್ಲಿ ಕಡಲ್ಕೊರೆತ ತಡೆಯಲು ಕಲ್ಲು ಪೇರಿಸಿದ್ದಾರೆ. ಇವು ನೋಡಲು ಎಷ್ಟೇ ಚಂದವಿದ್ದರೂ ಓಡಿ ಜಾರುವ ಆಟಕ್ಕೆ ಅಲ್ಲ. ಸಸಿಹಿತ್ಲು ಸರ್ಫಿಂಗಿಗೆ ಹೆಸರಾದ ಜಾಗ ಎಂದು ಅಲ್ಲಿಗೆ ಹೋಗುವವರೂ ಇದ್ದಾರೆ. ಸರ್ಫಿಂಗಿಗೆ ಬೇಕಾದದ್ದು ಅಲೆ, ನಮಗೆ ಬೇಕಾದದ್ದು ತೆಳು ನೀರು. ಮೇಲಾಗಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಅಳಿವೆ ಅಲ್ಲೇ ಇದೆ. ಯಾವ ಅಳಿವೆಯ ಬಳಿಯೂ ಹೊಸಬರು ಇಳಿಯಬಾರದು, ನೀರಿನ ಸೆಳೆತ ಮೇಲಿಂದ ಕಾಣುವುದಿಲ್ಲ. ಮಲ್ಪೆಯಂಥ ಅಗಲವಾದ ದಂಡೆಯಲ್ಲಿ ನೀರಿಳಿದ ಬೆಳಗ್ಗೆ, ಜನ ಸೇರುವ ಮೊದಲು ಕಲಿಯುವುದು ವಾಸಿ.

ತಮ್ಮನ ಮೂಳೆ ಕೂಡಿದೆ. ಮುಂಗಡ ವಾಪಸ್ ಬರಲಿಲ್ಲ, ನಾನು ಕೇಳುವುದನ್ನೂ ಬಿಟ್ಟೆ. ಆದರೆ ಆ ಬಾಡಿಗೆಯವರ ಹಳೆಯ ಪೋಸ್ಟುಗಳನ್ನು ಕೆದಕಿದಾಗ ಅದೇ ಕನ್ನಡಿಯಂಥ ಮರಳಿನ ಫೋಟೊ ಮತ್ತೆ ಸಿಕ್ಕಿತು. ಅದನ್ನು ಮೊದಲು ಹಾಕಿದ್ದು ಫೆಬ್ರವರಿಯಲ್ಲಿ. ಈ ದಸರಾ ರಜೆಗೂ ಅದನ್ನೇ ಮತ್ತೆ ಹಾಕಿದ್ದಾರೆ.