ಪಾನೀಯದ ಜಾಹೀರಾತಿಗೆ ವಿಎಫ್‌ಎಕ್ಸ್ ಮಾಡಿಕೊಡಿ ಎಂದು ಕರೆ ಬಂದರೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಯಲ್ಲೇ ಕುಳಿತು ಬ್ಲೆಂಡರ್, ಹೌಡಿನಿಯಂಥ ತ್ರೀಡಿ ಸಾಫ್ಟ್‌ವೇರ್ ಕಲಿತು ಕೆಲಸ ಹುಡುಕುತ್ತಿರುವವರು ಇದನ್ನು ಓದಬೇಕು. ನಿಂಬೆ ಸೋಡಾ ಒಂದರ ಮೂವತ್ತು ಸೆಕೆಂಡಿನ ಜಾಹೀರಾತಿಗೆ ನಾನು ಬಳ್ಳಾರಿಯಿಂದಲೇ ವಿಎಫ್‌ಎಕ್ಸ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟುವ ದೃಶ್ಯಗಳನ್ನು, ಮಾಡಿಕೊಟ್ಟೆ. ಮುಂಗಡ ಬಿಟ್ಟರೆ ಬಿಡಿಗಾಸು ಬಂದಿಲ್ಲ. ಕೆಲಸ ಕೊಟ್ಟ ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಅವರ ವರಸೆಯನ್ನು ಬರೆಯುತ್ತೇನೆ, ಗುರುತು ಹಿಡಿಯಲು ಅಷ್ಟು ಸಾಕು.

ಮುಚ್ಚಳ ಹಾರಬೇಕು, ಸೋಡಾ ಸುರುಳಿಯಾಗಿ ಮೇಲೆದ್ದು ನಿಂಬೆಹಣ್ಣನ್ನು ಸುತ್ತಿಕೊಂಡು ಐಸ್ ತುಂಬಿದ ಗ್ಲಾಸಿಗೆ ಬೀಳಬೇಕು, ಇದು ಬೇಡಿಕೆ. ಚಿತ್ರೀಕರಿಸಿದ ದೃಶ್ಯಗಳನ್ನು ಕೇಳಿದಾಗಲೆಲ್ಲ ‘ನಾಳೆ ಕಳಿಸುತ್ತೇವೆ’ ಎಂದವರು, ದರ ಕುದುರಿ ಕಾಲು ಭಾಗ ಮುಂಗಡ ಹಾಕಿದ ಮೇಲಷ್ಟೇ ಕಳಿಸಿದರು. ತೆರೆದು ನೋಡಿದರೆ ಹಸಿರು ಬಾಟಲಿಯನ್ನು ಹಸಿರು ಪರದೆಯ ಮುಂದೆ ಇಟ್ಟು ತೆಗೆದಿದ್ದಾರೆ! ಪರದೆಯನ್ನು ಅಳಿಸಲು ಹೋದರೆ ಬಾಟಲಿಯೂ ಅಳಿಸುತ್ತದೆ, ಲೇಬಲ್ಲಿನ ನಿಂಬೆ ಎಲೆಯೂ ಮಾಯ. ಬಾಟಲಿಗೆ ಬಣ್ಣವಿಲ್ಲದಿದ್ದರೂ ಕಷ್ಟವೇ. ಹಿಂದಿನ ಹಸಿರು ಗಾಜಿನೊಳಗಿಂದ ಬಾಗಿ ಕಾಣುತ್ತದೆ, ಅಂಚುಗಳಲ್ಲಿ ಪ್ರತಿಫಲಿಸುತ್ತದೆ. ಅದಕ್ಕಾಗಿಯೇ ಗಾಜನ್ನು ಸಾಮಾನ್ಯವಾಗಿ ಕಪ್ಪು ಹಿನ್ನೆಲೆಯಲ್ಲಿ, ಇಲ್ಲವೇ ನಿಜವಾದ ಹಿನ್ನೆಲೆ ಇಟ್ಟು, ಹಿಂದಿನಿಂದ ಬೆಳಕು ಕೊಟ್ಟು ತೆಗೆಯುತ್ತಾರೆ. ಹೀಗೇಕೆ ಎಂದರೆ ಬಂದ ಉತ್ತರ: ‘ಅದನ್ನೆಲ್ಲ ಪೋಸ್ಟ್‌ನಲ್ಲಿ (ಚಿತ್ರೀಕರಣದ ನಂತರದ ಕೆಲಸದಲ್ಲಿ) ಸರಿ ಮಾಡಿಕೊಳ್ಳಿ ಸರ್.’ ಈ ಮಾತು ಕಿವಿಗೆ ಬಿದ್ದರೆ ದರ ಏರಿಸಿ, ಇಲ್ಲವೇ ಫೋನ್ ಇಡಿ. ಕೊನೆಗೆ ಬಾಟಲಿಯನ್ನೂ ನಾನೇ ತ್ರೀಡಿಯಲ್ಲಿ ಕಟ್ಟಬೇಕಾಯಿತು. ಒಪ್ಪಂದದಲ್ಲಿ ಅದು ಇರಲೇ ಇಲ್ಲ.

ನಿಜವಾದ ಗೋಳು ಶುರುವಾದದ್ದು ದ್ರವದ ಸಿಮ್ಯುಲೇಶನ್‌ನಲ್ಲಿ, ಅಂದರೆ ದ್ರವ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುವುದರಲ್ಲಿ. ರೆಂಡರ್ ಮಾಡುವುದನ್ನು, ಅಂದರೆ ಪ್ರತಿ ಫ್ರೇಮಿನ ಅಂತಿಮ ಚಿತ್ರ ತೆಗೆಯುವುದನ್ನು, ಹತ್ತು ಯಂತ್ರಗಳಿಗೆ ಹಂಚಬಹುದು. ಸಿಮ್ಯುಲೇಶನ್ ಹಾಗಲ್ಲ. ಹತ್ತನೆಯ ಫ್ರೇಮಿನ ನೀರು ಎಲ್ಲಿರಬೇಕು ಎಂಬುದು ಒಂಬತ್ತನೆಯದು ಮುಗಿದ ಮೇಲೆಯೇ ಗೊತ್ತಾಗುವುದು. ಸುರುಳಿಯ ಅಂಚಿನಿಂದ ಸಿಡಿದ ಒಂದು ಹನಿ ಲೇಬಲ್ಲಿನ ಕೊನೆಯ ಅಕ್ಷರದ ಮುಂದೆ ಹಾದುಹೋಗುತ್ತಿತ್ತು. ‘ಆ ಹನಿಯನ್ನು ಸ್ವಲ್ಪ ಎಡಕ್ಕೆ ಸರಿಸಿ, ಐದು ನಿಮಿಷದ ಕೆಲಸ’ ಎಂದರು. ಸರಿಸಲು ಸೋಡಾ ಚಿಮ್ಮುವ ವೇಗವನ್ನು ಕೂದಲೆಳೆಯಷ್ಟು ಬದಲಿಸಿದರೂ ಸುರುಳಿಯ ರೂಪವೇ ಬೇರೆಯಾಗುತ್ತದೆ, ಆ ಹನಿಯ ಬದಲು ಇನ್ನೆರಡು ಹುಟ್ಟುತ್ತವೆ. ಆ ಒಂದೇ ಹನಿಯನ್ನು ಕೈಯಿಂದ ಅಳಿಸಿ ಕೊಟ್ಟೆ. ಆಮೇಲೆ ‘ನೀರು ಇನ್ನೂ ನುಣುಪಾಗಿರಲಿ’ ಎಂದರು. ವೋಕ್ಸೆಲ್‌ಗಳ (ಲೆಕ್ಕಕ್ಕಾಗಿ ದ್ರವದ ಜಾಗವನ್ನು ಹೋಳು ಮಾಡುವ ಪುಟ್ಟ ಘನಗಳ) ಬದಿಯ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಅವುಗಳ ಸಂಖ್ಯೆ ಎಂಟು ಪಟ್ಟಾಗುತ್ತದೆ. ಮೆಮೊರಿ, ಡಿಸ್ಕ್, ಸಮಯ ಎಲ್ಲವೂ ಅದರ ಹಿಂದೆಯೇ ಏರುತ್ತವೆ. ಬಳ್ಳಾರಿಯ ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟ ಕಂಪ್ಯೂಟರ್ ಬಿಸಿ ತಾಳದೆ ತಾನಾಗಿಯೇ ವೇಗ ತಗ್ಗಿಸುತ್ತದೆ ಎಂಬುದು ಬೇರೆ ಮಾತು. ಮೂವತ್ತು ಸೆಕೆಂಡೆಂದರೆ ಸೆಕೆಂಡಿಗೆ 25ರಂತೆ 750 ಫ್ರೇಮು. ಒಂದಕ್ಕೆ ಇಪ್ಪತ್ತು ನಿಮಿಷ ಹಿಡಿದರೂ ರೆಂಡರ್‌ಗೇ 250 ಗಂಟೆ. ಈ ಲೆಕ್ಕವನ್ನು ಬರೆದು ಕಳಿಸಿದ್ದೆ. ಉತ್ತರವಾಗಿ ಹೆಬ್ಬೆರಳಿನ ಚಿತ್ರ ಬಂತು.

ಮುಗಿಯುವ ಹೊತ್ತಿಗೆ ಫೋನ್ ಎತ್ತುವುದನ್ನು ನಿಲ್ಲಿಸಿದರು. ‘ಕಂಪನಿಯವರಿಗೆ ಇಷ್ಟವಾಗಿಲ್ಲ, ಕೆಲಸ ಕೈಬಿಟ್ಟಿದ್ದೇವೆ’ ಎಂದು ಒಂದು ಸಂದೇಶ, ಅಷ್ಟೇ. ನಂತರ ಜಾಹೀರಾತು ಇನ್‌ಸ್ಟಾಗ್ರಾಮಿನಲ್ಲಿ ಬಂತು. ಒಪ್ಪಿಗೆಗೆಂದು ನಾನು ಕಳಿಸಿದ್ದ ಪ್ರತಿಯೇ ಅದು! ಕೆಳಗಿನ ಮೂಲೆಯಲ್ಲಿದ್ದ ನನ್ನ ಗುರುತಿನ ವಾಟರ್‌ಮಾರ್ಕ್ ಮೇಲೆ ಹಳದಿ ಬಣ್ಣದ ‘ವಿಶೇಷ ಕೊಡುಗೆ’ ನಕ್ಷತ್ರ ಅಂಟಿಸಿದ್ದರು. ಎಷ್ಟು ಸಲೀಸು ನೋಡಿ.

ಹಾಗಾಗಿ ವಾಟರ್‌ಮಾರ್ಕ್ ದ್ರವದ ನಟ್ಟನಡುವೆ ಅಡ್ಡಲಾಗಿ ಇರಲಿ, ಒಪ್ಪಿಗೆಗೆ ಕಳಿಸುವ ಪ್ರತಿ ಕಡಿಮೆ ರೆಸಲ್ಯೂಶನ್ನಿನದಾಗಿರಲಿ. ಬೂದು ಬಣ್ಣದ ಒರಟು ಮಾದರಿಯಲ್ಲೇ ಸುರುಳಿಯ ಆಕಾರಕ್ಕೂ ವೇಗಕ್ಕೂ ಇಮೇಲಿನಲ್ಲಿ ಒಪ್ಪಿಗೆ ಪಡೆಯಿರಿ. ಆಮೇಲೆ ಬದಲಿಸಿದರೆ ಹೊಸ ದರ ಎಂದು ಮೊದಲೇ ಬರೆದುಕೊಳ್ಳಿ. ಪೂರ್ತಿ ಹಣ ಬರುವವರೆಗೆ ಪ್ರಾಜೆಕ್ಟ್ ಫೈಲನ್ನಾಗಲಿ ಸಿಮ್ಯುಲೇಶನ್ನಿನ ಫಲಿತಾಂಶ ಉಳಿಸಿಟ್ಟ ಕ್ಯಾಶ್ (cache) ಫೈಲುಗಳನ್ನಾಗಲಿ ಯಾರಿಗೂ ಕೊಡಬೇಡಿ. ಇವರು ಅದನ್ನೂ ಕೇಳಿದ್ದರು, ನಾನು ಕೊಡಲಿಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲೇ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ನನ್ನ ನೋಂದಣಿ ಇತ್ತು, ಬಾಕಿ ಹಣದ ದೂರಿನ ಸರ್ಕಾರಿ ಪೋರ್ಟಲ್ ಸಮಾಧಾನ್‌ನಲ್ಲಿ ದೂರು ಹಾಕಿದ್ದೇನೆ.

ಅದೇ ಏಜೆನ್ಸಿ ಈಗ ಗಂಗಾವತಿ, ಸಿಂಧನೂರಿನ ಹುಡುಗರಿಗೆ ಕರೆ ಮಾಡುತ್ತಿದೆ ಎಂದು ಪರಿಚಯದವರು ಹೇಳಿದರು. ಈ ಸಲ ಮಾವಿನ ರಸವಂತೆ. ಗಟ್ಟಿ ರಸಕ್ಕೆ ಸ್ನಿಗ್ಧತೆಯ ಲೆಕ್ಕಾಚಾರವೂ ಸೇರಿ ಸಿಮ್ಯುಲೇಶನ್ ಸೋಡಾಕ್ಕಿಂತ ನಿಧಾನವಾಗುತ್ತದೆ. ಮುಂಗಡ ಕೇಳುವಾಗ ಅದು ನೆನಪಿರಲಿ.