ಬೆಲ್ಮಾಂಟ್‌ನಿಂದ ಲೂಪ್‌ಗೆ: ರೆಡ್ಡೋ, ಬ್ರೌನೋ, ಪರ್ಪಲ್ಲೋ?

ಶಿಕಾಗೊದಲ್ಲಿ ಬೆಲ್ಮಾಂಟ್ ಸ್ಟೇಷನ್ನಿನ ಆಸುಪಾಸು ಮನೆ ಮಾಡಿದವರಿಗೆ ಒಂದು ಅನುಕೂಲ ಇದೆ. ತಲೆನೋವೂ ಅದೇ. ಊರ ನಡುವಿಗೆ ಹೋಗುವ ಮೂರು ಲೈನುಗಳು ಇಲ್ಲಿ ನಿಲ್ಲುತ್ತವೆ: ರೆಡ್, ಬ್ರೌನ್, ಪರ್ಪಲ್ ಎಕ್ಸ್‌ಪ್ರೆಸ್. ದಕ್ಷಿಣಕ್ಕೆ ಹೋಗುವ ಮೂರೂ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಒಂದು ಬದಿಗೆ ರೆಡ್, ಇನ್ನೊಂದು ಬದಿಗೆ ಉಳಿದೆರಡು. ದರವೂ ಒಂದೇ. ಹಾಗಾಗಿ ಯಾವ ರೈಲಿನ ಬಾಗಿಲು ಮೊದಲು ತೆರೆಯಿತೋ ಅದಕ್ಕೆ ನುಗ್ಗುವವರೇ ಜಾಸ್ತಿ. ಮೊದಲು ಹತ್ತಿದವರು ಮೊದಲು ಸೇರುತ್ತಾರೆ ಅಲ್ವಾ ಅನ್ನುವ ಲೆಕ್ಕ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ನನ್ನ ಆಫೀಸು ಕ್ವಿನ್ಸಿ ಸ್ಟೇಷನ್ ಪಕ್ಕ, ಲೂಪ್‌ನ ಪಶ್ಚಿಮ ಬದಿಯಲ್ಲಿ. ಚಳಿಗಾಲ, ಬೇಸಿಗೆ ಎರಡರಲ್ಲೂ ಮೂರು ಲೈನುಗಳಲ್ಲಿ ಓಡಾಡಿ ನೋಡಿದ ಮೇಲೆ ಒಂದು ಮಾತು ಖಚಿತವಾಗಿದೆ. ನೀವು ಇಳಿಯುವ ಜಾಗ ಲೂಪ್‌ನ ಯಾವ ಬದಿಗೆ ಇದೆ ಎಂದು ತಿಳಿಯದೆ ಯಾವ ಲೈನು ಒಳ್ಳೆಯದು ಎಂದು ಹೇಳಲಾಗದು. ಅಷ್ಟೇ ಅಲ್ಲ, ಬೆಳಿಗ್ಗೆ ಹೊಂದುವ ಲೈನು ಸಂಜೆಗೆ ಹೊಂದದೆ ಇರಬಹುದು.

ಅದಕ್ಕೆ ಮೊದಲು ಲೂಪ್ ವಿಷಯ ತಿಳಿದಿರಬೇಕು. ಊರಿನವರು ‘ಎಲ್’ ಎಂದು ಕರೆಯುವ ಈ ರೈಲು 1892ರ ಜೂನ್‌ನಲ್ಲಿ ಉಗಿ ಎಂಜಿನ್‌ಗಳೊಂದಿಗೆ ಶುರುವಾಯಿತು. ಊರ ನಡುವಿನ ಲೇಕ್, ವೆಲ್ಸ್, ವ್ಯಾನ್ ಬ್ಯೂರೆನ್, ವಾಬಾಶ್ ಎಂಬ ನಾಲ್ಕು ಬೀದಿಗಳ ಮೇಲೆ ಚೌಕದಂತೆ ಸುತ್ತುವ ಉಕ್ಕಿನ ಮೇಲ್ದಾರಿ ಪೂರ್ತಿಯಾದದ್ದು 1897ರಲ್ಲಿ. ಅದೇ ಲೂಪ್. ಅದರ ಮೇಲೆ ಎರಡು ಹಳಿದಾರಿ. ಬ್ರೌನ್ ಲೈನು ಹೊರಗಿನ ದಾರಿಯಲ್ಲಿ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಪರ್ಪಲ್ ಒಳಗಿನ ದಾರಿಯಲ್ಲಿ, ಮುಳ್ಳು ತಿರುಗುವ ಕಡೆಗೇ. ರೆಡ್ ಲೂಪನ್ನು ಮುಟ್ಟುವುದೇ ಇಲ್ಲ. ಆರ್ಮಿಟೇಜ್ ದಾಟಿದ ಮೇಲೆ ನೆಲದೊಳಕ್ಕೆ ಇಳಿದು, 1943ರಲ್ಲಿ ತೆರೆದ ಸ್ಟೇಟ್ ಸ್ಟ್ರೀಟ್ ಸುರಂಗದಲ್ಲಿ ನೆಟ್ಟಗೆ ಹೋಗುತ್ತದೆ.

ವೇಗದ ಮಾತಿನಲ್ಲಿ ರೆಡ್ ಲೈನಿಗೆ ಎದುರಿಲ್ಲ. ಬೆಲ್ಮಾಂಟ್ ಬಿಟ್ಟರೆ ಫುಲರ್ಟನ್, ನಾರ್ತ್-ಕ್ಲೈಬರ್ನ್, ಕ್ಲಾರ್ಕ್-ಡಿವಿಷನ್, ಶಿಕಾಗೊ, ಗ್ರ್ಯಾಂಡ್, ಆಮೇಲೆ ಲೇಕ್. ಆರನೇ ನಿಲ್ದಾಣಕ್ಕೇ ಊರ ನಡುವೆ ಇರುತ್ತೀರಿ. ಎಲ್ಲ ಸರಿ ಇದ್ದ ದಿನ ಕಾಲು ಗಂಟೆ ಸಾಕು. ರೈಲುಗಳೂ ಪದೇಪದೇ ಬರುತ್ತವೆ. ಬ್ರೌನ್ ಹತ್ತಿದರೆ ವೆಲಿಂಗ್ಟನ್, ಡೈವರ್ಸಿ ಎಂದು ಪ್ರತಿ ಮೂಲೆಯಲ್ಲೂ ನಿಂತು, ಕ್ವಿನ್ಸಿ ಮುಟ್ಟುವಾಗ ಒಂಬತ್ತು ನಿಲ್ದಾಣ ಆಗಿರುತ್ತದೆ. ಇಪ್ಪತ್ತು ನಿಮಿಷ ದಾಟುತ್ತದೆ.

ಇಷ್ಟು ಕೇಳಿದರೆ ರೆಡ್ಡೇ ಗೆದ್ದಿತು ಅನ್ನಿಸುತ್ತದೆ. ಆದರೆ ನಾನು ರೆಡ್ ಹಿಡಿದರೆ ಮನ್ರೋದಲ್ಲಿ ಇಳಿಯಬೇಕು. ಸುರಂಗದಿಂದ ಮೆಟ್ಟಿಲು ಹತ್ತಬೇಕು. ಆಮೇಲೆ ಡಿಯರ್‌ಬಾರ್ನ್, ಕ್ಲಾರ್ಕ್, ಲಸಾಲ್ ದಾಟಿ ವೆಲ್ಸ್‌ವರೆಗೆ ನಡೆಯಬೇಕು. ಪ್ರತಿ ಬೀದಿಯಲ್ಲೂ ಸಿಗ್ನಲ್. ಉಳಿಸಿದ ನಿಮಿಷಗಳು ಅಲ್ಲೇ ಕರಗುತ್ತವೆ. ಜನವರಿಯಲ್ಲಿ ಆ ಕಟ್ಟಡಗಳ ಸಂದಿಯಲ್ಲಿ ಗಾಳಿ ಎದುರಿಗೆ ನುಗ್ಗುವಾಗ ನಡೆಯುವುದು ಇನ್ನೊಂದು ಬಗೆಯ ಶಿಕ್ಷೆ. ಬ್ರೌನ್ ನನ್ನನ್ನು ಕಟ್ಟಡದ ಬಾಗಿಲ ಹತ್ತಿರವೇ ಇಳಿಸುತ್ತದೆ. ಉತ್ತರದಿಂದ ನದಿ ದಾಟಿ ಬಂದು ನೇರ ವೆಲ್ಸ್ ಬೀದಿಗೆ ಇಳಿಯುವುದರಿಂದ ಮೊದಲು ವಾಷಿಂಗ್ಟನ್-ವೆಲ್ಸ್, ಎರಡನೆಯದೇ ಕ್ವಿನ್ಸಿ. ಮನೆ ಬಾಗಿಲಿಂದ ಆಫೀಸಿನ ಬಾಗಿಲವರೆಗೆ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಗಾಳಿಗೆ ಮುಖ ಕೊಡದ ದಾರಿಯೇ ನನಗೆ ಇಷ್ಟ.

ನಿಮ್ಮ ಕೆಲಸ ಸ್ಟೇಟ್ ಬೀದಿಯಲ್ಲೋ ವಾಬಾಶ್‌ನಲ್ಲೋ ಇದ್ದರೆ ಈ ಮಾತು ಪೂರ್ತಿ ತಲೆಕೆಳಗು. ಬ್ರೌನ್ ಹತ್ತಿದರೆ ವೆಲ್ಸ್ ಮುಗಿಸಿ, ವ್ಯಾನ್ ಬ್ಯೂರೆನ್ ಸುತ್ತಿ, ಆಮೇಲೆ ವಾಬಾಶ್‌ಗೆ ಬರಬೇಕು. ಸುಮ್ನೆ ಲೂಪ್ ಸುತ್ತಿಕೊಂಡು ಹೋಗುವುದು ಯಾಕೆ? ರೆಡ್ ಹಿಡಿದು ಲೇಕ್‌ನಲ್ಲೋ ಮನ್ರೋದಲ್ಲೋ ಇಳಿದರೆ ವಾಬಾಶ್ ಒಂದೇ ಬೀದಿ ಆಚೆ. ರೆಡ್‌ನಲ್ಲಿ ಇನ್ನೊಂದು ಸೊಗಸು ಇದೆ. ಲೇಕ್‌ನಿಂದ ಜಾಕ್ಸನ್‌ವರೆಗೆ ನೆಲದಡಿಯಲ್ಲಿ ಒಂದೇ ಪ್ಲಾಟ್‌ಫಾರ್ಮ್, ಸುಮಾರು 1 ಕಿಲೋಮೀಟರ್ ಉದ್ದ. ಯಾವ ಬೋಗಿ ಹತ್ತಿದರೆ ಯಾವ ಮೆಟ್ಟಿಲ ಎದುರು ಇಳಿಯುತ್ತೇವೆ ಎಂದು ಒಮ್ಮೆ ಗೊತ್ತಾದರೆ ಸಾಕಷ್ಟು ನಡಿಗೆ ಉಳಿಯುತ್ತದೆ.

ಪರ್ಪಲ್ ಎಕ್ಸ್‌ಪ್ರೆಸ್ ವಿಷಯದಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ. ಬೆಲ್ಮಾಂಟ್‌ಗಿಂತ ಉತ್ತರಕ್ಕೆ ಅದು ನಿಜವಾಗಿ ಎಕ್ಸ್‌ಪ್ರೆಸ್: ಹೊವರ್ಡ್‌ನಿಂದ ಹೊರಟರೆ ವಿಲ್ಸನ್‌ನಲ್ಲಿ ಮಾತ್ರ ನಿಂತು ಬರುತ್ತದೆ. ಬೆಲ್ಮಾಂಟ್ ದಾಟಿದ ಮೇಲೆ ಬ್ರೌನ್ ನಿಲ್ಲುವ ಎಲ್ಲ ಕಡೆಯೂ ನಿಲ್ಲುತ್ತದೆ. ವಾರದ ದಿನಗಳಲ್ಲಿ, ಆಫೀಸಿನ ಹೊತ್ತಿನಲ್ಲಿ ಮಾತ್ರ ಇರುತ್ತದೆ. ಬೋಗಿಗಳೂ ಕಡಿಮೆ, ರೆಡ್ ಲೈನಿನ ಎಂಟರ ಜಾಗದಲ್ಲಿ ಆರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತವರು ಕೊನೆಗೆ ಓಡಿಬಂದು ಹತ್ತುವುದು ದಿನವೂ ನಡೆಯುವ ಕಸರತ್ತು. ಬೆಳಿಗ್ಗೆ ಕ್ಲಾರ್ಕ್-ಲೇಕ್‌ಗೆ ಹೋಗುವವರಿಗೆ ಅದು ಚಿನ್ನ, ಯಾಕೆಂದರೆ ಲೂಪ್‌ನಲ್ಲಿ ಅದರ ಮೊದಲ ನಿಲ್ದಾಣವೇ ಅದು. ಕ್ವಿನ್ಸಿಗೆ ಹೋಗುವ ನನಗೆ ಬೆಳಿಗ್ಗೆ ಅದು ಬೇಡವೇ ಬೇಡ. ಪೂರ್ತಿ ಚೌಕ ಸುತ್ತಿಸಿ ಕೊನೆಗೆ ಇಳಿಸುತ್ತದೆ.

ಸಂಜೆಗೆ ಎಲ್ಲ ಉಲ್ಟಾ. ಕ್ವಿನ್ಸಿಯಲ್ಲಿ ಪರ್ಪಲ್ ಹತ್ತಿದರೆ ಲೂಪ್‌ನಲ್ಲಿ ಇನ್ನೊಂದೇ ನಿಲ್ದಾಣ, ವಾಷಿಂಗ್ಟನ್-ವೆಲ್ಸ್. ಅದಾದರೆ ನದಿ ದಾಟಿ ಮರ್ಚಂಡೈಸ್ ಮಾರ್ಟ್. ಅದೇ ಜಾಗದಲ್ಲಿ ಬ್ರೌನ್ ಹತ್ತಿದರೆ ಲಸಾಲ್, ಲೈಬ್ರರಿ, ಆಡಮ್ಸ್, ವಾಷಿಂಗ್ಟನ್-ವಾಬಾಶ್ ಎಂದು ಮೂರು ಬದಿ ಸುತ್ತಿ, ಹತ್ತು ನಿಮಿಷಕ್ಕೂ ಜಾಸ್ತಿ ಕಳೆದ ಮೇಲೆ ಅದೇ ಮಾರ್ಟ್‌ಗೆ ಬರುತ್ತೀರಿ. ಹಾಗಾದರೆ ಪರ್ಪಲ್ಲೇ ಸರಿ ಅನ್ನಬಹುದು. ನಾನೂ ಬಹಳ ದಿನ ಅದನ್ನೇ ಹಿಡಿದೆ. ಆದರೆ ಪರ್ಪಲ್ ಕ್ವಿನ್ಸಿಗೆ ಬರುವ ಹೊತ್ತಿಗೆ ಉಳಿದೆಲ್ಲ ಬದಿಯ ಜನರನ್ನು ತುಂಬಿಕೊಂಡಿರುತ್ತದೆ. ಬಾಗಿಲಲ್ಲಿ ಬ್ಯಾಗು ಎದೆಗೆ ಅವುಚಿ ನಿಲ್ಲಬೇಕು. ಬ್ರೌನ್ ಕ್ವಿನ್ಸಿಗೆ ಬರುವಾಗ ಬೆಳಗಿನ ದಿಕ್ಕಿಗೆ ಬಂದವರನ್ನು ಇಳಿಸಿ ಅರೆಬರೆ ಖಾಲಿ ಇರುತ್ತದೆ. ಕಿಟಕಿ ಸೀಟೇ ಸಿಗುತ್ತದೆ. ಲೂಪ್ ಸುತ್ತುವ ಹತ್ತು ನಿಮಿಷ ಕೊಟ್ಟು ಮನೆವರೆಗೆ ಕೂತು ಹೋಗುವ ಹಕ್ಕು ಕೊಂಡುಕೊಂಡ ಹಾಗೆ. ಊಟಕ್ಕೆ ಯಾರೋ ಕಾಯುತ್ತಿದ್ದರೆ ಪರ್ಪಲ್, ಕಾಲು ನೋಯುತ್ತಿದ್ದರೆ ಬ್ರೌನ್. ನಾನು ಹೆಚ್ಚಾಗಿ ಬ್ರೌನ್ ಪಾರ್ಟಿ.

ಒಂದು ಎಚ್ಚರಿಕೆ. ಕ್ವಿನ್ಸಿಯಲ್ಲಿ ಎರಡು ದಿಕ್ಕಿಗೂ ಬೇರೆ ಬೇರೆ ಪ್ಲಾಟ್‌ಫಾರ್ಮ್, ಬೀದಿಯ ಆ ಬದಿಗೊಂದು ಈ ಬದಿಗೊಂದು. ಮೇಲೆ ಹತ್ತಿದ ಮೇಲೆ ಮನಸ್ಸು ಬದಲಾಯಿಸುವುದು ಕಷ್ಟ. ಕೆಳಗೆ ಬೀದಿಯಲ್ಲೇ ನಿಂತು ಫೋನಿನಲ್ಲಿ ಟ್ರೇನ್ ಟ್ರ್ಯಾಕರ್ ನೋಡಿ, ಯಾವುದು ಹತ್ತಿರ ಇದೆ ಎಂದು ತಿಳಿದು ಹತ್ತುವುದು ಜಾಣತನ. ಅಂದ ಹಾಗೆ, ಕಾಯುವ ಹೊತ್ತಿನಲ್ಲಿ ಆ ಸ್ಟೇಷನ್ನನ್ನು ಒಮ್ಮೆ ಕಣ್ಣಿಟ್ಟು ನೋಡಿ. 1897ರ ರೂಪವನ್ನೇ ಉಳಿಸಿಕೊಂಡಿದೆ.

ನಿಗದಿತ ಹೊತ್ತಿಗೆ ಸೇರುವ ನಂಬಿಕೆಯ ಮಾತಿಗೆ ಬಂದರೆ, ಲೂಪ್ ರೈಲುಗಳಿಗೆ ಒಂದು ಕಟ್ಟು ಇದೆ. ಲೇಕ್ ಮತ್ತು ವೆಲ್ಸ್ ಸೇರುವ ಮೂಲೆಯಲ್ಲಿ ಟವರ್ 18 ಎಂಬ ಜಂಕ್ಷನ್. ಬ್ರೌನ್, ಪರ್ಪಲ್, ಆರೆಂಜ್, ಪಿಂಕ್, ಗ್ರೀನ್ ಎಲ್ಲವೂ ಅಲ್ಲಿ ಒಂದೇ ಮಟ್ಟದಲ್ಲಿ ಹಾದುಹೋಗಬೇಕು. ಒಂದು ತಿರುಗುವಾಗ ಇನ್ನೊಂದು ನಿಲ್ಲಬೇಕು. ಅದಕ್ಕೇ ಮಾರ್ಟ್ ದಾಟಿದ ಕೂಡಲೇ ವೆಲ್ಸ್ ಸೇತುವೆಯ ಮೇಲೆ ಒಮ್ಮೊಮ್ಮೆ ಸುಮ್ಮನೆ ನಿಲ್ಲುತ್ತೇವೆ. 1922ರ ಎರಡಂತಸ್ತಿನ ಸೇತುವೆ ಅದು. ಮೇಲೆ ರೈಲು, ಕೆಳಗೆ ಕಾರು. ಕೆಳಗೆ ನದಿ, ಎರಡೂ ಕಡೆ ಗಾಜಿನ ಕಟ್ಟಡ. ನಿಲ್ಲಿಸಲೇಬೇಕು ಎಂದಾದರೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ರೆಡ್‌ಗೆ ಈ ಟವರ್ ಕಾಟ ಇಲ್ಲ. ಬೆಲ್ಮಾಂಟ್‌ಗೆ ಉತ್ತರದಲ್ಲಿ ಮೊದಲು ಇಂಥದ್ದೇ ಒಂದು ಕಟ್ಟು ಇತ್ತು. ಉತ್ತರಕ್ಕೆ ಹೋಗುವ ಬ್ರೌನ್ ರೆಡ್ ಮತ್ತು ಪರ್ಪಲ್ ಹಳಿಗಳನ್ನು ಅಡ್ಡ ದಾಟಬೇಕಿತ್ತು. 2021ರ ನವೆಂಬರ್‌ನಲ್ಲಿ ಬ್ರೌನ್‌ಗೆ ಮೇಲಿಂದ ಹಾರಿ ಹೋಗುವ ದಾರಿ ತೆರೆದ ಮೇಲೆ ಅದು ತಪ್ಪಿತು.

ಹವಾಮಾನ ಬೇರೆ ಲೆಕ್ಕ. ಬ್ರೌನ್‌ಗೆ ಕಾಯುವಾಗ ತೆರೆದ ಪ್ಲಾಟ್‌ಫಾರ್ಮ್. ಚಳಿಗಾಲದಲ್ಲಿ ಗುಂಡಿ ಒತ್ತಿದರೆ ತಲೆಯ ಮೇಲೆ ಉರಿಯುವ ಹೀಟರುಗಳಿವೆ. ಅದರ ಕೆಳಗೆ ಎಲ್ಲರೂ ಮುದುಡಿ ನಿಂತಿರುತ್ತೇವೆ. ನೆತ್ತಿ ಬೆಚ್ಚಗೆ, ಪಾದ ಮರಗಟ್ಟಿರುತ್ತದೆ. ಸಂಜೆ ರೆಡ್ ಹಿಡಿಯುವವರು ಸುರಂಗದಲ್ಲಿ ಗಾಳಿಯ ಕಾಟ ಇಲ್ಲದೆ ಕಾಯಬಹುದು. ಜುಲೈನಲ್ಲಿ ಮಾತ್ರ ಅದೇ ಸುರಂಗ ಉಸಿರುಕಟ್ಟಿಸುತ್ತದೆ, ಆಗ ಮೇಲಿನ ಗಾಳಿಗೆ ಬೆಲೆ.

ಸದ್ದಿನಲ್ಲಿ ಎರಡೂ ಸಮ. ರೆಡ್ ಸುರಂಗದಲ್ಲಿ ಮೊರೆಯುತ್ತದೆ. ಬ್ರೌನ್ ಲೂಪ್‌ನ ಮೂಲೆಗಳಲ್ಲಿ ಕಿರುಚುತ್ತದೆ. ಬೀದಿ ಮೂಲೆಯಷ್ಟೇ ಬಿಗಿಯಾದ ತಿರುವುಗಳವು. ಅವುಗಳಲ್ಲಿ ಹಿಡಿಸಬೇಕು ಎಂದೇ ಎಲ್ ಬೋಗಿಗಳು 48 ಅಡಿ ಮಾತ್ರ. ಫೋನಿನಲ್ಲಿ ಮಾತಾಡುವ ಆಸೆ ಎರಡರಲ್ಲೂ ಬಿಡಿ. ನೋಡುವ ಸುಖ ಬ್ರೌನ್‌ದೇ. ಆರ್ಮಿಟೇಜ್‌ನಿಂದ ಸೆಡ್ಜ್‌ವಿಕ್‌ವರೆಗೆ ಮನೆಗಳ ಹಿತ್ತಿಲು, ಮರದ ಮೆಟ್ಟಿಲು, ಅಡುಗೆಮನೆಯ ಕಿಟಕಿ ಎಲ್ಲ ಕೈಗೆ ಸಿಗುವಷ್ಟು ಹತ್ತಿರ ಹಾದುಹೋಗುತ್ತವೆ. ಕಣ್ಣು ತಗ್ಗಿಸಿ ಕೂರುವುದು ಮರ್ಯಾದೆ, ಆದರೂ ನೋಡುತ್ತೇವೆ.

ಬಸ್ಸು? 22ನೇ ನಂಬರಿನ ಕ್ಲಾರ್ಕ್ ಬಸ್ಸನ್ನೂ ಹಿಡಿದು ನೋಡಿದೆ. ರೈಲಿಗಿಂತ 25 ಸೆಂಟ್ ಕಡಿಮೆ. ಪ್ರತಿ ಸಿಗ್ನಲ್‌ನಲ್ಲೂ ನಿಲ್ಲುತ್ತದೆ. ಸಮಯ ಇದ್ದರೆ ಭಾನುವಾರಕ್ಕೆ ಸರಿ, ಆಫೀಸಿಗೆ ಬೇಡ.

ರಾತ್ರಿ ತಡವಾದರೆ ಹೋಲಿಕೆಯೇ ಇಲ್ಲ. ಈ ಮೂರರಲ್ಲಿ 24 ಗಂಟೆ ಓಡುವುದು ರೆಡ್ ಮಾತ್ರ. ಆದರೆ ಬೇಸ್‌ಬಾಲ್ ಋತುವಿನಲ್ಲಿ ಒಂದು ವಿಷಯ ನೆನಪಿಡಿ. ರಿಗ್ಲಿ ಫೀಲ್ಡ್ ಇರುವುದು ರೆಡ್ ಲೈನಿನ ಆಡಿಸನ್‌ನಲ್ಲಿ, ಬೆಲ್ಮಾಂಟ್‌ನ ಮುಂದಿನ ನಿಲ್ದಾಣ. ಬ್ರೌನ್‌ನಲ್ಲೂ ಒಂದು ಆಡಿಸನ್ ಇದೆ, ಅಲ್ಲಿ ಇಳಿದರೆ ಮೈದಾನ ಪೂರ್ವಕ್ಕೆ ಒಂದು ಮೈಲಿ ದೂರ. ಸಂಜೆ ಆಟ ಇದ್ದ ದಿನ ಉತ್ತರಕ್ಕೆ ಹೋಗುವ ರೆಡ್ ತುಂಬ ನೀಲಿ ಅಂಗಿಗಳು. ಅಂಥ ಸಂಜೆ ಮನ್ರೋ ಕಡೆ ತಲೆ ಹಾಕಬೇಡಿ. ಕ್ವಿನ್ಸಿಯಲ್ಲಿ ಬ್ರೌನ್ ಹತ್ತಿ, ಲೂಪ್ ಸುತ್ತಿಯಾದರೂ ಸರಿ, ಕೂತುಕೊಂಡು ಬನ್ನಿ.